ಆರೇ ಜನರಿದ್ದರೆ ಅನುಮತಿ ಬೇಡವೇ? ಕಡಲತಡಿಯ ಗೆಸ್ಟ್‌ಹೌಸ್ ಕೊಳ್ಳುವ ಮುನ್ನ

ಪ್ರಶ್ನೆ: ನಾವು ಇಂಗ್ಲೆಂಡಿನ ಕರಾವಳಿಯ ಒಂದು ಪ್ರವಾಸಿ ಊರಿನಲ್ಲಿ ಏಳು ವರ್ಷಗಳಿಂದ ಇದ್ದೇವೆ. ನಾನು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಒಂದು ಒಳ್ಳೆಯ ಬಾಡಿಗೆ ಕೋಣೆ ಸಿಗುವುದು ಬಹಳ ಕಷ್ಟವಾಗಿದೆ. ಕಡಲ ದಂಡೆಯ ಹಿಂದಿನ ಬೀದಿಯಲ್ಲಿ ಎಂಟು ಕೋಣೆಗಳ ಹಳೆಯ ಗೆಸ್ಟ್‌ಹೌಸ್ ಒಂದು ಮಾರಾಟಕ್ಕಿದೆ. ಅದನ್ನು ಕೊಂಡು ಆರು ಮಂದಿ ನರ್ಸ್‌ಗಳಿಗೆ ಕೋಣೆಗಳನ್ನು ಬಾಡಿಗೆಗೆ ಕೊಡಬೇಕೆಂದಿದ್ದೇವೆ. ‘ಆರು ಜನರವರೆಗೆ ಯಾವ ಅನುಮತಿಯೂ ಬೇಕಿಲ್ಲ, ಆರ್ಟಿಕಲ್ 4 ಈ ಊರಿಗೆ ಬರುವ ಮೊದಲು ಕೊಂಡುಬಿಡಿ’ ಎಂದು ಏಜೆಂಟ್ ಅವಸರ ಮಾಡುತ್ತಿದ್ದಾರೆ. ಇದೇ ಹೊತ್ತಿಗೆ ನಾವು ವಾಸಿಸುವ ಬೀದಿಯಲ್ಲಿ ಬೇರೊಂದು ಮನೆಯನ್ನು ಎಚ್‌ಎಂಒ (ಸಂಬಂಧವಿಲ್ಲದ ಹಲವರು ಹಂಚಿಕೊಂಡು ಬಾಳುವ ಮನೆ) ಮಾಡುವುದರ ವಿರುದ್ಧ ನೆರೆಹೊರೆಯವರು ಸಹಿ ಸಂಗ್ರಹಿಸುತ್ತಿದ್ದಾರೆ, ನಮ್ಮನ್ನೂ ಕೇಳಿದ್ದಾರೆ. ನಾವೇನು ಮಾಡಬೇಕು?

ಉತ್ತರ: ನಿಮ್ಮ ಏಜೆಂಟ್ ಹೇಳಿದ್ದು ತಪ್ಪು. ಆ ಗೆಸ್ಟ್‌ಹೌಸನ್ನು ಆರು ಜನರ ಹಂಚಿಕೆಯ ಮನೆಯಾಗಿ ಮಾಡಲು ನಿಮಗೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಯೋಜನಾ ಅನುಮತಿ (ಪ್ಲ್ಯಾನಿಂಗ್ ಪರ್ಮಿಷನ್) ಬೇಕೇ ಬೇಕು. ಆರ್ಟಿಕಲ್ 4 (ಒಂದು ಪ್ರದೇಶದಲ್ಲಿ ಇಂಥ ಬದಲಾವಣೆಗೆ ಅರ್ಜಿ ಕಡ್ಡಾಯ ಮಾಡುವ ಕೌನ್ಸಿಲ್‌ನ ಆದೇಶ) ನಿಮ್ಮ ಊರಿಗೆ ಬಂದಿದ್ದರೂ ಬೇಕು, ಬಾರದಿದ್ದರೂ ಬೇಕು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನನ್ನ ಬಳಿ ಸಲಹೆಗೆ ಬರುವವರಲ್ಲಿ ಹೆಚ್ಚಿನವರು ಮುಂಗಡ ಕಟ್ಟಿದ ಮೇಲೆ ಬರುತ್ತಾರೆ. ನೀವು ಮೊದಲೇ ಕೇಳಿದ್ದೀರಿ. ಅದು ದೊಡ್ಡ ಸಮಾಧಾನ.

ಏಜೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂದು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಯೋಜನಾ ಕಾನೂನು ಬಹುಪಾಲು ಕಟ್ಟಡಗಳಿಗೆ ಒಂದೊಂದು ಬಳಕೆಯ ವರ್ಗವನ್ನು ಕಟ್ಟಿಕೊಡುತ್ತದೆ. ಇದಕ್ಕೆ ಆಧಾರ 1987ರ ಬಳಕೆ ವರ್ಗಗಳ ಆದೇಶ. ಒಂದು ಕುಟುಂಬ ವಾಸಿಸುವ ಸಾಮಾನ್ಯ ಮನೆ ಸಿ3. ಹೋಟೆಲ್, ಬೋರ್ಡಿಂಗ್ ಹೌಸ್, ಗೆಸ್ಟ್‌ಹೌಸ್ ಇವೆಲ್ಲ ಸಿ1. ರಕ್ತಸಂಬಂಧವಾಗಲಿ ದಾಂಪತ್ಯವಾಗಲಿ ಇಲ್ಲದ ಮೂರರಿಂದ ಆರು ಮಂದಿ ಅಡುಗೆಮನೆಯನ್ನೋ ಬಚ್ಚಲನ್ನೋ ಹಂಚಿಕೊಂಡು, ಅದೇ ತಮ್ಮ ಮುಖ್ಯ ಮನೆಯೆಂದು ಬಾಳುವ ಕಟ್ಟಡ ಸಿ4. ಇದನ್ನೇ ಎಲ್ಲರೂ ಸಣ್ಣ ಎಚ್‌ಎಂಒ ಎನ್ನುವುದು. ಏಳು ಅಥವಾ ಅದಕ್ಕಿಂತ ಹೆಚ್ಚು ಮಂದಿಯಾದರೆ ಆ ಕಟ್ಟಡ ಯಾವ ವರ್ಗಕ್ಕೂ ಸೇರದೆ ಒಂಟಿಯಾಗಿ ನಿಲ್ಲುತ್ತದೆ. ಅದರ ಪ್ರತಿಯೊಂದು ಮುಖ್ಯ ಬದಲಾವಣೆಗೂ ಪ್ರತ್ಯೇಕ ಅರ್ಜಿ ಹಾಕಬೇಕು.

ಸಿ4 ಎಂಬ ವರ್ಗ ಹುಟ್ಟಿದ್ದು 2010ರ ಏಪ್ರಿಲ್ 6ರಂದು. ಅಂದಿನಿಂದ ಸಿ3 ಮನೆಯನ್ನು ಸಿ4 ಮಾಡಲು ಅನುಮತಿ ಬೇಕಾಯಿತು. ಆದರೆ ಮುಂದಿನ ತಿಂಗಳೇ ಸರ್ಕಾರ ಬದಲಾಯಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಈ ಬದಲಾವಣೆಗೆ ಅರ್ಜಿಯೇ ಬೇಡವೆಂದು ಹೊಸ ಸರ್ಕಾರ ಬಾಗಿಲು ತೆರೆಯಿತು. ‘ಆರು ಜನರವರೆಗೆ ಅನುಮತಿ ಬೇಡ’ ಎಂಬ ಮಾತಿನ ಮೂಲ ಇದು. ಆ ತೆರೆದ ಬಾಗಿಲು ಇರುವುದು ಸಿ3 ಮತ್ತು ಸಿ4ರ ನಡುವೆ ಮಾತ್ರ. ಕುಟುಂಬದ ಮನೆ ಹಂಚಿಕೆಯ ಮನೆಯಾಗಬಹುದು, ಹಂಚಿಕೆಯ ಮನೆ ಮತ್ತೆ ಕುಟುಂಬದ ಮನೆಯಾಗಬಹುದು. ಗೆಸ್ಟ್‌ಹೌಸ್ ಸಿ1. ಸಿ1ರಿಂದ ಸಿ4ಕ್ಕೆ ಅಂಥ ಬಾಗಿಲೇ ಇಲ್ಲ, ಹಿಂದೆಯೂ ಇರಲಿಲ್ಲ. ಕಡಲತೀರದ ಊರುಗಳಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ. ಅವರ ಕೈಗೆ ಸಿಗುವ ಸಲಹೆ ವಿಶ್ವವಿದ್ಯಾಲಯಗಳ ಊರುಗಳಿಗೆ ಬರೆದದ್ದು. ಅಲ್ಲಿ ಬದಲಾಗುವುದು ಕುಟುಂಬದ ಮನೆಗಳು, ಇಲ್ಲಿ ಬದಲಾಗುವುದು ಗೆಸ್ಟ್‌ಹೌಸ್‌ಗಳು.

ಆದ್ದರಿಂದ ಮಾರುವವರನ್ನು ನೀವು ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಕಟ್ಟಡದ ಕಾನೂನುಬದ್ಧ ಬಳಕೆ ಇವತ್ತು ಏನು? ಬಾಯಿಮಾತಿನ ಉತ್ತರ ಬೇಡ, ಕಾಗದ ತೋರಿಸಲಿ. ಹಳೆಯ ಯೋಜನಾ ಅನುಮತಿಗಳು ಕೌನ್ಸಿಲ್‌ನ ಜಾಲತಾಣದಲ್ಲಿ ವಿಳಾಸದ ಪ್ರಕಾರ ಸಿಗುತ್ತವೆ. ಕಟ್ಟಡ ವ್ಯಾಪಾರದ ತೆರಿಗೆ ಕಟ್ಟುತ್ತಿತ್ತೋ ಮನೆಯ ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿತ್ತೋ ನೋಡಿ. ಅದು ಪೂರ್ಣ ಪುರಾವೆಯಲ್ಲ, ಆದರೆ ಬಲವಾದ ಸುಳಿವು. ‘ಹತ್ತಾರು ವರ್ಷಗಳಿಂದ ಇಲ್ಲಿ ಬಾಡಿಗೆದಾರರೇ ಇದ್ದಾರೆ’ ಎಂದು ಅವರು ಹೇಳಿದರೆ, ಹಾಗಾದರೆ ಕಾನೂನುಬದ್ಧ ಬಳಕೆಯ ಪ್ರಮಾಣಪತ್ರವನ್ನು ನೀವೇ ಪಡೆದು ಮಾರಿ ಎನ್ನಿ. ಹತ್ತು ವರ್ಷ ಎಡೆಬಿಡದೆ ಒಂದು ಬಳಕೆ ನಡೆದಿದ್ದರೆ, ಅದನ್ನು ಮುಚ್ಚಿಟ್ಟಿರದಿದ್ದರೆ, ಕೌನ್ಸಿಲ್ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವಂತಿಲ್ಲ. ಆದರೆ ಅದನ್ನು ಬಾಡಿಗೆ ಕರಾರುಗಳು, ರಸೀದಿಗಳು, ಬಿಲ್ಲುಗಳ ಮೂಲಕ ವರ್ಷ ವರ್ಷಕ್ಕೂ ಸಾಬೀತು ಮಾಡುವ ಹೊಣೆ ಮಾಲೀಕರದು. ನಡುವೆ ಒಂದು ವರ್ಷದ ಕಾಗದ ಇಲ್ಲದ ಕಾರಣಕ್ಕೆ ಅರ್ಜಿ ಬಿದ್ದುಹೋದದ್ದನ್ನು ನಾನು ಕಂಡಿದ್ದೇನೆ.

ಇನ್ನು ಆರ್ಟಿಕಲ್ 4. ಅದರ ಹೆಸರು ಕೇಳಿದರೆ ಜನ ನಿಷೇಧವೆಂದೇ ತಿಳಿಯುತ್ತಾರೆ. ಅದು ನಿಷೇಧವಲ್ಲ. ರಾಷ್ಟ್ರದ ಮಟ್ಟದಲ್ಲಿ ತೆರೆದ ಬಾಗಿಲಿಗೆ ಒಂದು ಪ್ರದೇಶದ ಮಟ್ಟಿಗೆ ಚಿಲಕ ಹಾಕಿ ‘ಬಡಿದು ಒಳಗೆ ಬನ್ನಿ’ ಎನ್ನುವುದಷ್ಟೇ ಅದರ ಕೆಲಸ. ಅರ್ಜಿ ಹಾಕಬೇಕು, ಕೌನ್ಸಿಲ್ ತನ್ನ ನೀತಿಯ ಪ್ರಕಾರ ತೂಗಿ ನೋಡುತ್ತದೆ. ಹಾಗೆ ಚಿಲಕ ಹಾಕಲು ಕೌನ್ಸಿಲ್‌ಗೂ ಮನಬಂದಂತೆ ಅಧಿಕಾರವಿಲ್ಲ. ಬಲವಾದ ಪುರಾವೆ ಬೇಕು, ಆದಷ್ಟು ಚಿಕ್ಕ ಪ್ರದೇಶಕ್ಕೆ ಸೀಮಿತವಾಗಿರಬೇಕು ಎಂದು ರಾಷ್ಟ್ರೀಯ ಯೋಜನಾ ನೀತಿ ಹೇಳುತ್ತದೆ. ಸಂಬಂಧಪಟ್ಟ ಸಚಿವರಿಗೆ ತಿಳಿಸಬೇಕು, ಅವರು ಅದನ್ನು ತಿದ್ದಬಹುದು, ರದ್ದೂ ಮಾಡಬಹುದು.

ಇದರಲ್ಲಿ ಒಂದು ತೊಡಕಿದೆ. ತಕ್ಷಣ ಜಾರಿಗೆ ಬರುವಂತೆ ಆರ್ಟಿಕಲ್ 4 ಹೊರಡಿಸಿದರೆ, ಮುಂದಿನ ಹನ್ನೆರಡು ತಿಂಗಳಲ್ಲಿ ಅರ್ಜಿ ಹಾಕಿ ನಿರಾಕರಣೆ ಪಡೆದವರಿಗೆ ಕೌನ್ಸಿಲ್ ಪರಿಹಾರ ಕೊಡಬೇಕಾಗಬಹುದು. ಬೊಕ್ಕಸ ಬರಿದಾಗಿರುವ ಕೌನ್ಸಿಲ್‌ಗಳು ಆ ಅಪಾಯಕ್ಕೆ ಕೈಹಾಕುವುದಿಲ್ಲ. ಬದಲಿಗೆ ಹನ್ನೆರಡು ತಿಂಗಳು ಮುಂಚೆ ನೋಟಿಸ್ ಕೊಟ್ಟು, ಆಮೇಲೆ ಜಾರಿ ಮಾಡುತ್ತವೆ. ಆ ಹನ್ನೆರಡು ತಿಂಗಳೇ ಸಗಟು ಖರೀದಿದಾರರಿಗೆ ಸುಗ್ಗಿ. ಬಾಗಿಲು ಮುಚ್ಚುವ ಮೊದಲು ನುಗ್ಗಿಬಿಡಿ ಎಂದು ಏಜೆಂಟರು ಜನರ ಮೂಗಿಗೆ ತುಪ್ಪ ಸವರುವುದು ಆಗಲೇ. ನಿಮ್ಮ ಏಜೆಂಟರ ಅವಸರವೂ ಅದೇ ಬಗೆಯದು. ನಿಮ್ಮ ಕಟ್ಟಡ ಸಿ1 ಆಗಿರುವುದರಿಂದ ಆ ಅವಸರಕ್ಕೆ ಅರ್ಥವೇ ಇಲ್ಲ.

ನಿಮ್ಮ ನೆರೆಯವರು ವಿರೋಧಿಸುತ್ತಿರುವ ಮನೆ ಮಾತ್ರ ಸಿ3 ಇರಬಹುದು. ಅಲ್ಲಿ ಆರ್ಟಿಕಲ್ 4 ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಆರ್ಟಿಕಲ್ 4 ಇಲ್ಲದೆ ಆರು ಮಂದಿಗಷ್ಟೇ ಮನೆ ಮಾಡುವುದಾದರೆ, ಆ ಮಾಲೀಕರು ಯಾರನ್ನೂ ಕೇಳಬೇಕಿಲ್ಲ. ನೂರು ಸಹಿ ಸೇರಿಸಿದರೂ ಕೌನ್ಸಿಲ್‌ನ ಮುಂದೆ ತೀರ್ಮಾನಿಸಲು ಅರ್ಜಿಯೇ ಇರುವುದಿಲ್ಲ. ಆದ್ದರಿಂದ ನೆರೆಯವರಿಗೆ ಮೊದಲು ಅದನ್ನು ನೋಡಿಕೊಳ್ಳಲು ಹೇಳಿ. (ವೇಲ್ಸ್‌ನಲ್ಲಿ ಹೀಗಿಲ್ಲ. ಅಲ್ಲಿ 2016ರ ಫೆಬ್ರವರಿಯಿಂದ ಇಡೀ ದೇಶದಲ್ಲಿ ಕುಟುಂಬದ ಮನೆಯನ್ನು ಹಂಚಿಕೆಯ ಮನೆ ಮಾಡಲು ಅನುಮತಿ ಬೇಕು. ಇಂಗ್ಲೆಂಡಿನ ಊರೂರಿಗೂ ಬೇರೆ ಬೇರೆಯಾದ ಗೊಂದಲಕ್ಕಿಂತ ಅದೇ ಲೇಸು ಎಂದು ನನ್ನ ಅನಿಸಿಕೆ.)

ಕಡಲತೀರದ ಊರುಗಳು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದೇಕೆ ಎಂದು ನೀವು ಕೇಳಿಲ್ಲ. ಆದರೂ ಹೇಳಬೇಕು, ಏಕೆಂದರೆ ನಿಮ್ಮ ಅರ್ಜಿಯನ್ನು ಓದುವ ಅಧಿಕಾರಿಯ ಮನಸ್ಸಿನಲ್ಲಿ ಆ ಚರಿತ್ರೆ ಇರುತ್ತದೆ.

ಕಡಲತೀರದ ಪ್ರವಾಸಿ ಊರಾದ ಬ್ಲ್ಯಾಕ್‌ಪೂಲನ್ನೇ ನೋಡಿ. ಅಲ್ಲಿಗೆ ರೈಲು ಬಂದದ್ದು 1846ರಲ್ಲಿ. ಲ್ಯಾಂಕಶೈರಿನ ಹತ್ತಿ ಗಿರಣಿಗಳು ವರ್ಷಕ್ಕೊಮ್ಮೆ ಊರಿಗೆ ಊರೇ ಬಾಗಿಲು ಹಾಕಿದಾಗ ಕಾರ್ಮಿಕರು ಕುಟುಂಬ ಸಮೇತ ಕಡಲಿಗೆ ಬರುತ್ತಿದ್ದರು. ಅವರನ್ನು ಇಳಿಸಿಕೊಳ್ಳಲೆಂದೇ ದಂಡೆಯ ಹಿಂದೆ ಸಾಲುಸಾಲಾಗಿ ಎತ್ತರದ, ಇಕ್ಕಟ್ಟಾದ ಬೋರ್ಡಿಂಗ್ ಹೌಸ್‌ಗಳು ಎದ್ದವು. ವಾರವೊಂದರ ಮಟ್ಟಿಗೆ ಹಗಲೆಲ್ಲ ಹೊರಗೆ ತಿರುಗಿ ರಾತ್ರಿ ಮಲಗಲು ಬರುವವರಿಗಾಗಿ ಕಟ್ಟಿದ ಕೋಣೆಗಳವು. ಪ್ಯಾಕೇಜ್ ವಿಮಾನದಲ್ಲಿ ಜನ ಸ್ಪೇನಿಗೆ ಹೋಗತೊಡಗಿದ ಮೇಲೆ ಆ ಕೋಣೆಗಳು ಖಾಲಿಯಾದವು. ಕಟ್ಟಡ ಹಾಗೆಯೇ ಉಳಿಯಿತು, ಸಾಲವೂ ಉಳಿಯಿತು. ಮಾಲೀಕರು ಪ್ರವಾಸಿಗರ ಜಾಗಕ್ಕೆ ಬಾಡಿಗೆದಾರರನ್ನು ತಂದರು.

ಆ ಬಾಡಿಗೆಯನ್ನು ಬಹುಮಟ್ಟಿಗೆ ಕಟ್ಟಿದ್ದು ಸರ್ಕಾರದ ವಸತಿ ನೆರವು. ಅದರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆರವಿನ ದರವನ್ನು ಒಂದೊಂದು ಬೀದಿಗೆ ನಿಗದಿ ಮಾಡುವುದಿಲ್ಲ, ವಿಶಾಲ ಬಾಡಿಗೆ ಮಾರುಕಟ್ಟೆ ಪ್ರದೇಶಕ್ಕೆ ಮಾಡುತ್ತಾರೆ. ಬ್ಲ್ಯಾಕ್‌ಪೂಲ್ ಸೇರಿರುವುದು ಫೈಲ್ಡ್ ಕೋಸ್ಟ್ ಪ್ರದೇಶಕ್ಕೆ, ಅದರಲ್ಲಿ ಲಿದಮ್ ಸೇಂಟ್ ಆನ್ಸ್‌ನಂಥ ಅನುಕೂಲಸ್ಥರ ಊರೂ ಇದೆ. ಅಲ್ಲಿನ ಬಾಡಿಗೆಯೂ ಸೇರಿ ಬಂದ ದರ ಬ್ಲ್ಯಾಕ್‌ಪೂಲಿನ ಒಳಬೀದಿಯ ಕಟ್ಟಡದ ಬೆಲೆಗೆ ಹೋಲಿಸಿದರೆ ಬಹಳ ಹೆಚ್ಚಾಯಿತು. ಇದರ ಮೇಲೆ, 35 ವರ್ಷ ದಾಟಿದ ಒಂಟಿ ವ್ಯಕ್ತಿಗೆ ಸ್ವತಂತ್ರವಾದ ಒಂದು ಕೋಣೆಯ ಮನೆಯ ದರ ಸಿಗುತ್ತದೆ, ಅದಕ್ಕಿಂತ ಕಿರಿಯರಿಗೆ ಹಂಚಿಕೆಯ ಕೋಣೆಯ ದರ ಮಾತ್ರ. 2012ಕ್ಕೆ ಮೊದಲು ಈ ಗಡಿ 25 ವರ್ಷವಿತ್ತು. ಹಾಗಾಗಿ ಹಳೆಯ ಗೆಸ್ಟ್‌ಹೌಸಿನ ಒಂದೊಂದು ಕೋಣೆಗೂ ಒಂದು ಸಿಂಕು, ಒಂದು ವಿದ್ಯುತ್ ಒಲೆ ಕೂರಿಸಿ ‘ಸ್ವತಂತ್ರ ಮನೆ’ ಎಂದುಬಿಟ್ಟರೆ ಲಾಭ ಇನ್ನೂ ಹೆಚ್ಚು. ಕಟ್ಟಡ ಎಷ್ಟು ಹಾಳಾದರೂ ಬಾಡಿಗೆ ನಿಲ್ಲುವುದಿಲ್ಲ. ದುರಸ್ತಿ ಮಾಡಲು ಮಾಲೀಕನಿಗೆ ಕಾರಣವೂ ಇಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ನೋಡಬಹುದು. 2019ರ ಇಂಗ್ಲೆಂಡಿನ ಅಭಾವ ಸೂಚ್ಯಂಕದಲ್ಲಿ ಅಭಾವ ಅತಿ ಹೆಚ್ಚಿದ್ದ ಹತ್ತು ನೆರೆಹೊರೆಗಳಲ್ಲಿ ಎಂಟು ಬ್ಲ್ಯಾಕ್‌ಪೂಲಿನವು. 2021ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ತಮ್ಮ ವಾರ್ಷಿಕ ವರದಿಯನ್ನು ಕರಾವಳಿ ಊರುಗಳ ಆರೋಗ್ಯಕ್ಕೇ ಮೀಸಲಿಟ್ಟರು. ಖಾಲಿ ಗೆಸ್ಟ್‌ಹೌಸ್‌ಗಳು ಎಚ್‌ಎಂಒಗಳಾದದ್ದು ಬಡತನವನ್ನೂ ಕಾಯಿಲೆಯನ್ನೂ ಒಂದೆಡೆ ಒಟ್ಟುಗೂಡಿಸಿದೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನರ್ಸ್ ಆಗಿ ನೀವು ಅದನ್ನು ವಾರ್ಡಿನಲ್ಲಿ ಕಂಡೇ ಇರುತ್ತೀರಿ.

ನಾನು ಕಂಡದ್ದನ್ನೂ ಹೇಳುತ್ತೇನೆ. ಬಹಳ ಹಿಂದೆ, ಇಂಥದೇ ಒಂದು ಊರಿನ ಯೋಜನಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ, ಜನವರಿಯ ಒಂದು ಬೆಳಿಗ್ಗೆ ತಪಾಸಣೆಗೆ ಹೋಗಿದ್ದೆ. ಹನ್ನೆರಡು ಕೋಣೆಗಳ ಹಳೆಯ ಗೆಸ್ಟ್‌ಹೌಸ್. ಬಾಗಿಲುಗಳ ಮೇಲೆ ಹಿತ್ತಾಳೆಯ ಅಂಕಿಗಳು ಹಾಗೆಯೇ ಇದ್ದವು. ಒಂದು ಬಾಗಿಲಿನ ಹಿಂದೆ, ತಿಂಡಿ ಎಂಟೂವರೆಗೆ ಎಂಬ ಹಳದಿ ತಿರುಗಿದ ಚೀಟಿ ಇನ್ನೂ ಅಂಟಿಕೊಂಡಿತ್ತು. ಓಣಿಯ ಗೋಡೆಯಲ್ಲಿ ಮುಂಗಡ ಹಣ ಹಾಕಿದರೆ ಮಾತ್ರ ನಡೆಯುವ ವಿದ್ಯುತ್ ಮೀಟರುಗಳ ಸಾಲು. ಮೂರನೆಯ ಮಹಡಿಯ ಕೋಣೆಯಲ್ಲಿದ್ದ ಐವತ್ತು ದಾಟಿದ ವ್ಯಕ್ತಿ ಹಾಲಿನ ಬಾಟಲಿಯನ್ನು ಕಿಟಕಿಯ ಹೊರಚಾಚಿನ ಮೇಲಿಟ್ಟಿದ್ದರು. ಏಕೆಂದು ಕೇಳಿದೆ. ಅಡುಗೆಮನೆ ಇರುವುದು ನೆಲಮಾಳಿಗೆಯಲ್ಲಿ, ನಾಲ್ಕು ಮಹಡಿ ಇಳಿಯಬೇಕು, ಅಲ್ಲಿನ ಫ್ರಿಜ್‌ನಲ್ಲಿಟ್ಟದ್ದು ಉಳಿಯುವುದಿಲ್ಲ ಎಂದರು. ಆಮೇಲೆ ಮೆಲ್ಲಗೆ, ‘ನನ್ನನ್ನು ಇಲ್ಲಿಂದ ಎಬ್ಬಿಸುವುದಿಲ್ಲ ತಾನೇ?’ ಎಂದು ಕೇಳಿದರು. ಯೋಜನಾ ನಿಯಂತ್ರಣದ ಬಗ್ಗೆ ಬರೆಯುವಾಗಲೆಲ್ಲ ನನಗೆ ಆ ಎರಡೂ ಮಾತುಗಳು ಒಟ್ಟಿಗೆ ನೆನಪಾಗುತ್ತವೆ. ಆ ಕೋಣೆ ಯಾರೂ ಬಾಳುವಂಥದ್ದಾಗಿರಲಿಲ್ಲ. ಅದೂ ಇಲ್ಲದಿದ್ದರೆ ಅವರಿಗೆ ಹೋಗಲು ಜಾಗವಿರಲಿಲ್ಲ.

ಹೀಗಾಗಿ ನಾನು ಈ ನಿಯಂತ್ರಣಗಳ ಪರ. ಆದರೆ ಬರಿಯ ಎಣಿಕೆಯ ನಿಯಂತ್ರಣದಲ್ಲಿ ನನಗೆ ನಂಬಿಕೆಯಿಲ್ಲ. ಎಣಿಕೆ ಹೇಗೆ ನಡೆಯುತ್ತದೆಂದು ನೋಡಿ. ಬ್ರೈಟನ್ 2013ರಲ್ಲಿ ಐದು ವಾರ್ಡುಗಳಿಗೆ ಆರ್ಟಿಕಲ್ 4 ತಂದಿತು, 2020ರಲ್ಲಿ ಇಡೀ ನಗರಕ್ಕೆ ಹಬ್ಬಿಸಿತು. ಅರ್ಜಿಯ ಮನೆಯ ಸುತ್ತ 50 ಮೀಟರಿನ ವೃತ್ತ ಎಳೆದು, ಅದರೊಳಗಿನ ಮನೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಈಗಾಗಲೇ ಎಚ್‌ಎಂಒ ಆಗಿದ್ದರೆ ಹೊಸದಕ್ಕೆ ಅನುಮತಿ ಇಲ್ಲ ಎಂಬುದು ಅಲ್ಲಿನ ನಿಯಮ. 2022ರಲ್ಲಿ ಇನ್ನೂ ಕೆಲವು ಷರತ್ತುಗಳು ಸೇರಿದವು: ಒಂದು ಕುಟುಂಬದ ಮನೆ ಎರಡು ಎಚ್‌ಎಂಒಗಳ ನಡುವೆ ಸಿಕ್ಕಿಹಾಕಿಕೊಳ್ಳಬಾರದು, ಮೂರು ಎಚ್‌ಎಂಒಗಳು ಒಂದರ ಪಕ್ಕ ಒಂದು ಬರಬಾರದು. ಪೋರ್ಟ್ಸ್‌ಮತ್ ಕೂಡ, ಅಂದರೆ ಸೌತ್‌ಸೀ ಕಡಲದಂಡೆ ಇರುವ ನಗರ, 2011ರಿಂದ ಆರ್ಟಿಕಲ್ 4 ಇಟ್ಟುಕೊಂಡು 50 ಮೀಟರು ಮತ್ತು ಶೇಕಡ 10ರ ಅಳತೆಯನ್ನೇ ಹಿಡಿದಿದೆ. ಬೋರ್ನ್‌ಮತ್‌ನಲ್ಲಿಯೂ ಗಡಿ ಶೇಕಡ 10.

ನಿಮ್ಮ ವೃತ್ತದಲ್ಲಿ 64 ಮನೆಗಳಿವೆ, ಅವುಗಳಲ್ಲಿ 6 ಎಚ್‌ಎಂಒ ಎಂದುಕೊಳ್ಳಿ. ಅದು ಶೇಕಡ 9.4. ಈಗಿರುವುದನ್ನಷ್ಟೇ ಎಣಿಸುವ ನೀತಿಯಾದರೆ ನೀವು ಪಾರಾದಿರಿ. ನಿಮ್ಮ ಕಟ್ಟಡವನ್ನೂ ಸೇರಿಸಿ ಎಣಿಸುವ ನೀತಿಯಾದರೆ 7 ಆಯಿತು, ಅಂದರೆ ಶೇಕಡ 10.9, ಅರ್ಜಿ ಬಿತ್ತು. ಒಂದೇ ಬೀದಿ, ಒಂದೇ ಕಟ್ಟಡ, ನೀತಿಯ ಒಂದು ಪದದ ಮೇಲೆ ತೀರ್ಮಾನ ನಿಂತಿದೆ. ಅದಕ್ಕೇ ನಿಮ್ಮ ಕೌನ್ಸಿಲ್‌ನ ಸ್ಥಳೀಯ ಯೋಜನೆಯಲ್ಲಿ ಆ ವಾಕ್ಯವನ್ನು ಅಕ್ಷರ ಅಕ್ಷರ ಓದಿ. ಎಣಿಕೆಗೆ ಬೇಕಾದ ಪಟ್ಟಿ ಕೌನ್ಸಿಲ್ ಬಳಿ ಇರುತ್ತದೆ. ಲೈಸೆನ್ಸ್ ಪಡೆದ ಎಚ್‌ಎಂಒಗಳ ದಾಖಲೆಯನ್ನು ಸಾರ್ವಜನಿಕರಿಗೆ ತೋರಿಸಲೇಬೇಕೆಂದು ಕಾನೂನಿದೆ. ಆದರೆ ಐದಕ್ಕಿಂತ ಕಡಿಮೆ ಮಂದಿಯಿರುವ ಮನೆಗಳು ಹಲವು ಊರುಗಳಲ್ಲಿ ಆ ದಾಖಲೆಗೆ ಬರುವುದೇ ಇಲ್ಲ. ಹಾಗಾಗಿ ಒಂದು ಸಂಜೆ ಬೀದಿಯಲ್ಲಿ ನಡೆದು ನೀವೇ ನೋಡುವುದು ಒಳ್ಳೆಯದು. ಒಂದು ಬಾಗಿಲಿಗೆ ಐದಾರು ಕರೆಗಂಟೆ, ಮುಂದೆ ತುಂಬಿ ಚೆಲ್ಲುವ ಕಸದ ತೊಟ್ಟಿಗಳು ಇದ್ದರೆ ಪಟ್ಟಿಯಲ್ಲಿ ಇಲ್ಲದ ಮನೆಯೂ ಗುರುತಿಗೆ ಬರುತ್ತದೆ.

ಗೆಸ್ಟ್‌ಹೌಸಿನ ವಿಷಯಕ್ಕೆ ಈ ವೃತ್ತದ ಲೆಕ್ಕಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಕಡಲತೀರದ ಕೌನ್ಸಿಲ್‌ಗಳು ತಮ್ಮ ಯೋಜನೆಯಲ್ಲಿ ಪ್ರವಾಸಿ ವಸತಿ ಪ್ರದೇಶವೆಂದು ಕೆಲವು ಬೀದಿಗಳನ್ನು ಗುರುತಿಸಿರುತ್ತವೆ. ಅಲ್ಲಿ ಗೆಸ್ಟ್‌ಹೌಸನ್ನು ಬೇರೇನೇ ಮಾಡುವುದಕ್ಕೂ ಅವು ಸುಲಭವಾಗಿ ಒಪ್ಪುವುದಿಲ್ಲ. ಆ ವ್ಯಾಪಾರ ಇನ್ನು ನಡೆಯಲಾರದು ಎಂಬುದನ್ನು ಕೆಲವು ವರ್ಷಗಳ ಲೆಕ್ಕಪತ್ರ ಮತ್ತು ತಕ್ಕ ಬೆಲೆಗೆ ಮಾರಾಟಕ್ಕಿಟ್ಟರೂ ಯಾರೂ ಕೊಳ್ಳಲಿಲ್ಲ ಎಂಬ ಪುರಾವೆಯಿಂದ ತೋರಿಸಬೇಕಾಗುತ್ತದೆ. ನಿಮ್ಮ ಬೀದಿ ದಂಡೆಯ ಹಿಂದೆಯೇ ಇರುವುದರಿಂದ ನಕ್ಷೆಯಲ್ಲಿ ಇದನ್ನೇ ಮೊದಲು ನೋಡಿ. ಆ ಪ್ರದೇಶದ ಹೊರಗಿದ್ದರೂ ಗೆಸ್ಟ್‌ಹೌಸ್ ಎಚ್‌ಎಂಒ ಆಗುವುದನ್ನು ಕೌನ್ಸಿಲ್ ಒಪ್ಪದೆ, ಎರಡು ಮೂರು ದೊಡ್ಡ ಸ್ವತಂತ್ರ ಮನೆಗಳಾಗುವುದನ್ನು ಬಯಸಬಹುದು. ಬ್ಲ್ಯಾಕ್‌ಪೂಲ್ ಕೌನ್ಸಿಲ್ ಇದಕ್ಕಾಗಿ 2015ರಲ್ಲಿ ತನ್ನದೇ ಒಂದು ವಸತಿ ಕಂಪನಿ ತೆರೆಯಿತು. ಅದು ಹಳೆಯ ಗೆಸ್ಟ್‌ಹೌಸ್‌ಗಳನ್ನೂ ಹಾಳಾದ ಬಾಡಿಗೆ ಕಟ್ಟಡಗಳನ್ನೂ ಕೊಂಡು, ಒಳ್ಳೆಯ ಮನೆಗಳಾಗಿ ಮಾಡಿ ಬಾಡಿಗೆಗೆ ಕೊಡುತ್ತಿದೆ. ಬೇಡ ಎನ್ನುವುದರ ಜೊತೆಗೆ ಬೇಕಾದ್ದನ್ನು ತಾನೇ ಮಾಡಿ ತೋರಿಸುವ ಇಂಥ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅನುಮತಿ ಸಿಕ್ಕಿತು ಎಂದುಕೊಂಡರೂ ಲೈಸೆನ್ಸ್ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಕೈಸುಟ್ಟುಕೊಂಡವರು ಬಹಳ ಮಂದಿ. ಯೋಜನಾ ಅನುಮತಿ ನೋಡುವುದು ಆ ಜಾಗದಲ್ಲಿ ಆ ಬಳಕೆ ಸರಿಯೇ ಎಂಬುದನ್ನು. ಲೈಸೆನ್ಸ್ ನೋಡುವುದು ಒಳಗೆ ಬಾಳುವವರು ಸುರಕ್ಷಿತರೇ, ನಡೆಸುವವರು ಯೋಗ್ಯರೇ ಎಂಬುದನ್ನು. 2004ರ ವಸತಿ ಕಾಯ್ದೆಯಡಿ, ಎರಡು ಅಥವಾ ಹೆಚ್ಚು ಕುಟುಂಬಗಳಿಗೆ ಸೇರಿದ ಐದು ಅಥವಾ ಹೆಚ್ಚು ಮಂದಿ ಸೌಲಭ್ಯ ಹಂಚಿಕೊಂಡು ಬಾಳುವ ಮನೆಗೆ ಲೈಸೆನ್ಸ್ ಕಡ್ಡಾಯ. 2018ರ ಅಕ್ಟೋಬರ್ 1ಕ್ಕೆ ಮೊದಲು ಮೂರು ಮಹಡಿ ಇದ್ದರೆ ಮಾತ್ರ ಎಂಬ ಷರತ್ತಿತ್ತು, ಈಗ ಅದಿಲ್ಲ. ನಿಮ್ಮ ಆರು ನರ್ಸ್‌ಗಳ ಮನೆಗೆ ಅದು ಬೇಕು. ಲೈಸೆನ್ಸ್ ಇಲ್ಲದೆ ನಡೆಸುವುದು ಅಪರಾಧ. ಹತ್ತಾರು ಸಾವಿರ ಪೌಂಡ್ ದಂಡ ಬೀಳಬಹುದು, ಜೊತೆಗೆ ಬಾಡಿಗೆದಾರರು ನ್ಯಾಯಮಂಡಳಿಗೆ ಹೋಗಿ ಕಟ್ಟಿದ ಬಾಡಿಗೆಯನ್ನೇ ವಾಪಸ್ ಪಡೆಯಬಹುದು. ಯೋಜನಾ ಅನುಮತಿ ಇಲ್ಲದ ಬಳಕೆ ಮಾತ್ರ ತಾನಾಗಿ ಅಪರಾಧವಲ್ಲ, ಕೌನ್ಸಿಲ್ ಕೊಟ್ಟ ತಡೆ ನೋಟಿಸನ್ನು ಮೀರಿದರೆ ಅಪರಾಧ. ಆದರೆ ಆ ನೋಟಿಸ್ ಬಂದ ದಿನ ನಿಮ್ಮ ಆರು ಬಾಡಿಗೆದಾರರ ತಲೆಯ ಮೇಲಿನ ಸೂರು ಅಲುಗಾಡುತ್ತದೆ. ಅದನ್ನು ಮರೆಯಬೇಡಿ.

ಕೋಣೆಯ ಅಳತೆಯನ್ನು ಕೊಳ್ಳುವ ಮೊದಲೇ ನೀವೇ ಟೇಪು ಹಿಡಿದು ಅಳೆಯಿರಿ. ಹತ್ತು ವರ್ಷ ಮೇಲ್ಪಟ್ಟ ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರು ಇರಬೇಕು, ಇಬ್ಬರಿಗಾದರೆ 10.22. ಚಾವಣಿಯ ಎತ್ತರ ಒಂದೂವರೆ ಮೀಟರಿಗಿಂತ ಕಡಿಮೆ ಇರುವ ನೆಲ ಲೆಕ್ಕಕ್ಕೆ ಬರುವುದಿಲ್ಲ. ಗೆಸ್ಟ್‌ಹೌಸಿನ ಅಟ್ಟದ ಕೋಣೆಗಳು ಸೋಲುವುದು ಇಲ್ಲಿ. 3 ಮೀಟರು ಉದ್ದ, 2.6 ಮೀಟರು ಅಗಲದ ಕೋಣೆ 7.8 ಚದರ ಮೀಟರು, ನೋಡಲು ಸಾಕಷ್ಟಿದೆ. ಆದರೆ ಉದ್ದಕ್ಕೂ 60 ಸೆಂಟಿಮೀಟರಿನಷ್ಟು ನೆಲದ ಮೇಲೆ ಚಾವಣಿ ಆ ಒಂದೂವರೆ ಮೀಟರಿಗಿಂತ ಕೆಳಗೆ ಇಳಿದಿದ್ದರೆ 1.8 ಚದರ ಮೀಟರು ಕಳೆಯಿತು. ಉಳಿದದ್ದು 6. ಆ ಕೋಣೆಯನ್ನು ಮಲಗುವುದಕ್ಕೆ ಬಾಡಿಗೆಗೆ ಕೊಡುವಂತಿಲ್ಲ. ಎಂಟು ಕೋಣೆ ಎಂದು ಲೆಕ್ಕ ಹಾಕಿ ಸಾಲ ಮಾಡಿದವರಿಗೆ ಆರೇ ಕೋಣೆ ಉಳಿಯುವುದು ಹೀಗೆ. ಇದು ಕಾನೂನಿನ ಕನಿಷ್ಠ ಮಟ್ಟ, ಅನೇಕ ಕೌನ್ಸಿಲ್‌ಗಳು ಇದಕ್ಕಿಂತ ದೊಡ್ಡ ಕೋಣೆ ಕೇಳುತ್ತವೆ. ಬೆಂಕಿ ತಡೆಯುವ ಬಾಗಿಲು, ಅಲಾರಾಂ ಇವುಗಳ ಖರ್ಚನ್ನು ಬೇರೆಯಾಗಿ ಸೇರಿಸಿಕೊಳ್ಳಿ. 2023ರ ಡಿಸೆಂಬರ್‌ನಿಂದ ಎಚ್‌ಎಂಒಗೆ ಕೋಣೆವಾರು ಅಲ್ಲದೆ ಇಡೀ ಕಟ್ಟಡಕ್ಕೆ ಒಂದೇ ಕೌನ್ಸಿಲ್ ಟ್ಯಾಕ್ಸ್ ಬರುತ್ತದೆ, ಅದನ್ನು ಕಟ್ಟುವವರು ಮಾಲೀಕರು.

ಈಗ ನಿಮ್ಮ ನೆರೆಯವರ ಸಹಿಯ ಹಾಳೆ. ಅದನ್ನು ತರಿಸಿಕೊಂಡು ಪೂರ್ತಿ ಓದಿ. ಅರ್ಜಿ ಬಂದಿದ್ದರೆ ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ ಇರುತ್ತದೆ. ಶಬ್ದ, ಕಸ, ಬೇಸಿಗೆಯಲ್ಲಿ ಮೊದಲೇ ಸಿಗದ ಪಾರ್ಕಿಂಗ್, ಈಗಾಗಲೇ ಇರುವ ಎಚ್‌ಎಂಒಗಳ ಸಂಖ್ಯೆ, ಕುಟುಂಬದ ಮನೆಗಳ ಕೊರತೆ ಇವುಗಳಿಗೆ ಯೋಜನೆಯ ದೃಷ್ಟಿಯಲ್ಲಿ ತೂಕವಿದೆ. ಮನೆಗಳ ಬೆಲೆ ಇಳಿಯುತ್ತದೆ ಎಂಬುದಕ್ಕೆ ತೂಕವಿಲ್ಲ. ‘ಎಂಥವರೋ ಬಂದು ಸೇರುತ್ತಾರೆ’ ಎಂಬುದಕ್ಕೂ ಇಲ್ಲ. ಯೋಜನೆ ನೋಡುವುದು ಕಟ್ಟಡದ ಬಳಕೆಯನ್ನು, ಬಾಳುವವರ ಹುಟ್ಟೂರನ್ನಾಗಲಿ ಸಂಬಳವನ್ನಾಗಲಿ ಅಲ್ಲ. ಹೊಸ ದೇಶಕ್ಕೆ ಬಂದು ಮೊದಲ ವರ್ಷ ಹಂಚಿಕೆಯ ಕೋಣೆಯಲ್ಲಿ ಕಳೆದವರು ನಮ್ಮಲ್ಲಿ ಎಷ್ಟಿಲ್ಲ? ಹಾಳೆಯಲ್ಲಿ ಜನರ ಬಗ್ಗೆ ಒಂದು ಕೆಟ್ಟ ಮಾತಿದ್ದರೂ ಸಹಿ ಹಾಕಬೇಡಿ. ನಿಮಗೆ ನಿಜವಾಗಿ ಆತಂಕವಿದ್ದರೆ ಪ್ರತ್ಯೇಕವಾಗಿ ಬರೆಯಿರಿ: ಇಂಥ ಮನೆಗಳು ಎಷ್ಟಿವೆ, ತೊಟ್ಟಿಗಳನ್ನು ಎಲ್ಲಿಡುತ್ತಾರೆ, ಕೋಣೆಗಳ ಅಳತೆಯೇನು, ದೂರು ಬಂದರೆ ಯಾರನ್ನು ಕರೆಯಬೇಕು. ಕಾರಣಗಳಿರುವ ಒಂದು ಪತ್ರ ಐವತ್ತು ಸಹಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಆಕ್ಷೇಪಣೆ ಸಾರ್ವಜನಿಕ ದಾಖಲೆ ಎಂಬುದೂ ನೆನಪಿರಲಿ. ನಾಳೆ ನೀವೇ ಅರ್ಜಿ ಹಾಕಿದಾಗ ಅದನ್ನು ಓದಿ ಹೇಳುವವರಿರುತ್ತಾರೆ. ನಿಮ್ಮ ಪತ್ರದಲ್ಲಿ ಬೇರೆಯವರಿಂದ ಕೇಳುವುದನ್ನು ನಿಮ್ಮ ಕಟ್ಟಡದಲ್ಲಿ ನೀವೇ ಮಾಡಿ ತೋರಿಸುವಂತಿದ್ದರೆ ಆ ಪತ್ರ ನಿಮ್ಮ ಪರವಾಗಿಯೇ ನಿಲ್ಲುತ್ತದೆ.

ನಿಮಗೆ ನಾನು ಕೊಡುವ ಸಲಹೆ ಹೀಗಿದೆ. ಕೊಳ್ಳುವ ಮೊದಲು ಕೌನ್ಸಿಲ್‌ನಿಂದ ಅರ್ಜಿಪೂರ್ವ ಸಲಹೆ ಪಡೆಯಿರಿ, ಅದಕ್ಕೆ ಶುಲ್ಕವಿದ್ದರೂ ಕೊಡಿ. ಆಸ್ಪತ್ರೆಯ ಸಿಬ್ಬಂದಿಗೆ ಕೋಣೆಗಳ ಕೊರತೆ ಇದೆ ಎಂಬುದಕ್ಕೆ ನಿಮ್ಮ ಆಸ್ಪತ್ರೆಯಿಂದ ಒಂದು ಪತ್ರ ಸಿಕ್ಕರೆ ಜೊತೆಗಿಡಿ. ಆದರೆ ಅನುಮತಿ ಸಿಗುವುದು ಕಟ್ಟಡಕ್ಕೇ ಹೊರತು ನರ್ಸ್‌ಗಳಿಗಲ್ಲ, ಹಾಗಾಗಿ ಅಧಿಕಾರಿ ಅದಕ್ಕೆ ಕೊಡುವ ತೂಕ ಸ್ವಲ್ಪವೇ. ಖರೀದಿಯ ಕರಾರಿನಲ್ಲಿ ‘ಯೋಜನಾ ಅನುಮತಿ ಸಿಕ್ಕರೆ ಮಾತ್ರ’ ಎಂಬ ಷರತ್ತು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಮಾರುವವರು ಒಪ್ಪದಿದ್ದರೆ ಕೈಬಿಡಿ. ನಿರಾಕರಣೆ ಬಂದರೆ ಆರು ತಿಂಗಳೊಳಗೆ ಯೋಜನಾ ತನಿಖಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ತಿಂಗಳು ತಿಂಗಳು ಸಾಲದ ಕಂತು ಕಟ್ಟುತ್ತಾ ತೀರ್ಪಿಗೆ ಕಾಯುವುದು ಸಂಬಳದ ಮೇಲೆ ಬದುಕುವ ಕುಟುಂಬ ಮಾಡಬೇಕಾದ ಕೆಲಸವಲ್ಲ.

ಇನ್ನೊಂದು ದಾರಿ ನಿಮ್ಮ ಮನೆಯಲ್ಲಿಯೇ ಇದೆ, ಅದನ್ನು ನೀವು ಯೋಚಿಸಿದಂತಿಲ್ಲ. ಮಾಲೀಕರ ಕುಟುಂಬ ತಾನೂ ವಾಸಿಸುತ್ತಾ ಇಬ್ಬರವರೆಗೆ ಕೋಣೆ ಬಾಡಿಗೆಗೆ ಕೊಟ್ಟರೆ ಅದು ಎಚ್‌ಎಂಒ ಆಗುವುದಿಲ್ಲ, ಸಿ3 ಸಿ3 ಆಗಿಯೇ ಉಳಿಯುತ್ತದೆ. ಸಜ್ಜುಗೊಳಿಸಿದ ಕೋಣೆಯನ್ನು ಹೀಗೆ ಕೊಟ್ಟಾಗ ವರ್ಷಕ್ಕೆ 7,500 ಪೌಂಡ್‌ವರೆಗಿನ ಬಾಡಿಗೆಗೆ ಆದಾಯ ತೆರಿಗೆ ಇಲ್ಲ. ನಿಮ್ಮ ಸಾಲದ ಬ್ಯಾಂಕಿನ ಮತ್ತು ವಿಮಾ ಕಂಪನಿಯ ಒಪ್ಪಿಗೆ ಮಾತ್ರ ಪಡೆದುಕೊಳ್ಳಿ. ಮುಂದಿನ ತಂಡದಲ್ಲಿ ಬರುವ ಇಬ್ಬರು ನರ್ಸ್‌ಗಳಿಗೆ ಗೆಸ್ಟ್‌ಹೌಸಿನ ಅಟ್ಟದ ಕೋಣೆಗಿಂತ ನಿಮ್ಮ ಮನೆಯ ಕೋಣೆ ಬೇಗ ಸಿಗುತ್ತದೆ. ಗೆಸ್ಟ್‌ಹೌಸಿನ ಕಾಗದಗಳು ಬಂದು ತಲುಪುವವರೆಗೆ ಅಷ್ಟನ್ನು ಈ ತಿಂಗಳೇ ಆರಂಭಿಸಬಹುದು.